ಕಣಿವೆಯ ನೆರಳಿಗೆ ಕಪ್ಪು ಬೇಡ

ಕಣಿವೆಯ ಚಿತ್ರ ಬರೆಯಲು ಕೂತವರ ಕೈ ಸುಮ್ನೆ ಕಪ್ಪು ಬಣ್ಣದ ಟ್ಯೂಬಿಗೆ ಹೋಗುತ್ತದೆ. ಗುಡ್ಡದ ನೆರಳು ಕತ್ತಲೆಯಂತೆ ಕಾಣುತ್ತದಲ್ವಾ, ಅದಕ್ಕೆ. ಅಂಥವರಿಗೆ ನಾನು ಫ್ರೆಂಚ್ ಚಿತ್ರಕಾರ ಕ್ಲೋದ್ ಮೊನೆ 1889ರಲ್ಲಿ ಬರೆದ ಕ್ರೂಸ್ ಕಣಿವೆಯ ಚಿತ್ರಗಳನ್ನು ತೋರಿಸುತ್ತೇನೆ.

ಕ್ರೂಸ್ ಇರುವುದು ಫ್ರಾನ್ಸಿನ ನಡುಭಾಗದಲ್ಲಿ. ಫ್ರೆಸಲೀನ್ ಎಂಬ ಹಳ್ಳಿಯ ಹತ್ತಿರ ದೊಡ್ಡ ಕ್ರೂಸ್, ಚಿಕ್ಕ ಕ್ರೂಸ್ ಎಂಬ ಎರಡು ಹೊಳೆಗಳು ಸೇರುತ್ತವೆ. ಹಿಮದ ಶಿಖರಗಳೇನೂ ಇಲ್ಲ. ಬೋಳು ಕಲ್ಲುಗುಡ್ಡಗಳು, ನಡುವೆ ನೀರು, ಅಷ್ಟೇ. ಮೊನೆ ಮಾರ್ಚಿನಿಂದ ಮೇ ತನಕ ಅಲ್ಲಿದ್ದು 20ಕ್ಕೂ ಜಾಸ್ತಿ ಕ್ಯಾನ್ವಾಸ್ ಬರೆದ. ಹಲವು ಚಿತ್ರಗಳಲ್ಲಿ ಜಾಗ ಒಂದೇ, ಬೆಳಕು ಮಾತ್ರ ಬೇರೆ.

ಬಾಸ್ಟನ್ನಿನ ಲಲಿತಕಲಾ ಸಂಗ್ರಹಾಲಯದಲ್ಲಿ ಇವುಗಳಲ್ಲಿ ಒಂದು ಬಿಸಿಲಿನದ್ದು, ಇನ್ನೊಂದು ಮೋಡದ ದಿನದ್ದು ಇವೆ. ಬಿಸಿಲಿನ ಚಿತ್ರವನ್ನು ಹತ್ತಿರದಿಂದ ನೋಡಿ. ಆಕಾಶ ಮೇಲೆ ಒಂದು ಪಟ್ಟಿಯಷ್ಟೇ. ನೆರಳಿನ ಇಳಿಜಾರಿನಲ್ಲಿ ನೇರಳೆ ಇದೆ, ನೀಲಿ ಇದೆ, ನಡುನಡುವೆ ಕೆಂಪು ಇಣುಕುತ್ತದೆ. ಬಣ್ಣಗಳನ್ನು ತಿಕ್ಕಿ ಒಂದು ಮಾಡಿಲ್ಲ, ಪಕ್ಕಪಕ್ಕದಲ್ಲೇ ಬಿಟ್ಟಿದ್ದಾನೆ. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಅವೇ ಗೀಟುಗಳು ಸೇರಿ ಗಟ್ಟಿ ಗುಡ್ಡವಾಗುತ್ತವೆ.

ಇದು ಬರೀ ಚಂದಕ್ಕೆ ಮಾಡಿದ್ದಲ್ಲ. ಬಿಸಿಲು ಬೀಳದ ಕಡೆಗೂ ಆಕಾಶದ ಬೆಳಕು ಬೀಳುತ್ತದೆ. ಹಾಗಾಗಿ ತಿಳಿ ಆಕಾಶವಿದ್ದ ದಿನ ನೆರಳು ನೀಲಿಗೆ ವಾಲುತ್ತದೆ. ಪಕ್ಕದಲ್ಲಿ ಹಳದಿ ಬಿಸಿಲಿದ್ದರೆ ಅದೇ ನೆರಳು ಕಣ್ಣಿಗೆ ಇನ್ನಷ್ಟು ನೇರಳೆಯಾಗಿ ಕಾಣುತ್ತದೆ. ಟ್ಯೂಬಿನ ಕಪ್ಪು ಹಚ್ಚಿದರೆ ಇವೆಲ್ಲ ಸತ್ತುಹೋಗುತ್ತವೆ. ತಾನು ಬಳಸುವ ಬಣ್ಣಗಳ ಪಟ್ಟಿಯನ್ನು ಮೊನೆ 1905ರಲ್ಲಿ ಒಂದು ಪತ್ರದಲ್ಲಿ ಕೊಟ್ಟಿದ್ದಾನೆ. ಅದರಲ್ಲಿ ಕಪ್ಪಿಲ್ಲ. ನಿಮಗೆ ಕಡುನೆರಳೇ ಬೇಕಿದ್ದರೆ ವಿರಿಡಿಯನ್ ಹಸಿರಿಗೆ ಮ್ಯಾಡರ್ ಕೆಂಪು ಬೆರೆಸಿ. ಹೆಚ್ಚುಕಮ್ಮಿ ಕಪ್ಪೇ ಬರುತ್ತದೆ, ಆದರೆ ಹಸಿರಿಗೋ ಕೆಂಪಿಗೋ ಬೇಕಾದ ಕಡೆಗೆ ವಾಲಿಸಬಹುದು.

ಇಂಪ್ರೆಷನಿಸ್ಟರು, ಅಂದರೆ ಆ ಕ್ಷಣದ ಬೆಳಕನ್ನು ಹಿಡಿಯಲು ಹೊರಟ ಮೊನೆಯಂಥ ಚಿತ್ರಕಾರರು, ಒಂದೇ ಸಲಕ್ಕೆ ಗೀಚಿ ಮುಗಿಸುತ್ತಿದ್ದರು ಅಂತ ಬಹಳ ಜನ ನಂಬಿದ್ದಾರೆ. ಕ್ರೂಸಿನ ಕಥೆ ಬೇರೆಯೇ. ಹೊಳೆದಂಡೆಯ ಓಕ್ ಮರ ಬೋಳಾಗಿದ್ದಾಗ ಮೊನೆ ಚಿತ್ರ ಶುರುಮಾಡಿದ್ದ. ಮಳೆ, ಚಳಿಯಿಂದ ಕೆಲಸ ನಿಂತು ನಿಂತು ಸಾಗಿತು. ಮೇ ಹೊತ್ತಿಗೆ ಮರ ಚಿಗುರಿಬಿಟ್ಟಿತು. ಜಾಗದ ಮಾಲೀಕನಿಗೆ ದುಡ್ಡು ಕೊಟ್ಟು ಒಪ್ಪಿಸಿ, ಏಣಿ ಹಾಕಿಸಿ ಎಲೆಗಳನ್ನೆಲ್ಲ ಕೀಳಿಸಿದ! ನನಗೇನೋ ಇದು ಅತಿಯಾಯಿತು ಅನ್ನಿಸುತ್ತದೆ. ಆದರೆ ಬಣ್ಣ ಬದಲಾದರೆ ಚಿತ್ರವೇ ಬದಲಾಗುತ್ತದೆ ಅನ್ನುವುದು ಅವನಿಗೆ ಗೊತ್ತಿತ್ತು.

ನೀವು ಮರ ಬೋಳಿಸಬೇಕಿಲ್ಲ. ಎರಡು ಚಿಕ್ಕ ಬೋರ್ಡ್ ಒಯ್ಯಿರಿ, ಒಂದು ಬೆಳಿಗ್ಗೆಗೆ, ಒಂದು ಸಂಜೆಗೆ. ಗಂಟೆ ಕಳೆದು ನೆರಳು ಸರಿದ ಮೇಲೆ ಬೆಳಗಿನದ್ದನ್ನು ಮುಟ್ಟಬೇಡಿ, ಮರುದಿನ ಅದೇ ಹೊತ್ತಿಗೆ ಬಂದು ಮುಂದುವರಿಸಿ.