ಪದ ಪರಿಚಯ: ವೈ-ಫೈ ರೋಮಿಂಗ್

ಒಂದು ಕಾಲದಲ್ಲಿ ಮಂಗಳೂರಿನವರಿಗೆ ರೋಮಿಂಗ್ ಅಂದರೆ ತಲಪಾಡಿ. ಕಾಸರಗೋಡಿಗೆ ಹೊರಟ ಬಸ್ ಗಡಿ ದಾಟುವಷ್ಟರಲ್ಲಿ ಮೊಬೈಲಿಗೆ ಕೇರಳದ ಸ್ವಾಗತ ಮೆಸೇಜ್ ಬರುತ್ತಿತ್ತು. ಆಮೇಲೆ ಬಂದ ಕಾಲ್ ಎತ್ತಿದರೂ ದುಡ್ಡು ಹೋಗುತ್ತಿತ್ತು. ಹಾಗಾಗಿ ರೋಮಿಂಗ್ ಎಂಬ ಪದ ಕೇಳಿದರೆ ಹಿರಿಯರಿಗೆ ಈಗಲೂ ಸಣ್ಣ ಭಯ.

ಆ ರೋಮಿಂಗ್ ಬೇರೆ, ವೈ-ಫೈ ರೋಮಿಂಗ್ ಬೇರೆ. ಮೊಬೈಲಿನಲ್ಲಿ ರೋಮಿಂಗ್ ಅಂದರೆ ಸ್ವಂತ ನೆಟ್‌ವರ್ಕ್ ಬಿಟ್ಟು ಇನ್ನೊಂದರ ಆಸರೆ ಪಡೆಯುವುದು. ವೈ-ಫೈಯಲ್ಲಿ ಹೆಚ್ಚುಕಮ್ಮಿ ಉಲ್ಟಾ. ಒಂದೇ ನೆಟ್‌ವರ್ಕಿನ ಒಳಗಿದ್ದುಕೊಂಡು ಒಂದು ಆಕ್ಸೆಸ್ ಪಾಯಿಂಟ್ (ವೈ-ಫೈ ಸಿಗ್ನಲ್ ಬೀರುವ ಸಾಧನ, ಮನೆಯ ರೂಟರಿನೊಳಗೆ ಇದೂ ಸೇರಿರುತ್ತದೆ) ಬಿಟ್ಟು ಇನ್ನೊಂದನ್ನು ಹಿಡಿಯುವುದಕ್ಕೆ ಇಲ್ಲಿ ರೋಮಿಂಗ್ ಅನ್ನುತ್ತಾರೆ. ಮೊಬೈಲಿನವರು ಇಂಥದ್ದಕ್ಕೆ ಹ್ಯಾಂಡೋವರ್ ಎಂದು ಹೆಸರಿಟ್ಟಿದ್ದಾರೆ. ನಂತೂರಿನಿಂದ ಪಂಪ್‌ವೆಲ್‌ಗೆ ಹೋಗುವಾಗ ಮಾತು ತುಂಡಾಗದೆ ಟವರ್ ಬದಲಾಗುತ್ತದಲ್ಲ, ಅದು.

ಆದರೆ ಒಂದು ವ್ಯತ್ಯಾಸ ಇದೆ, ಅದನ್ನು ಹಿಡಿದರೆ ಉಳಿದದ್ದೆಲ್ಲ ಸಲೀಸು. ಮೊಬೈಲ್ ಕಾಲ್ ನಡೆಯುವಾಗ ಯಾವ ಟವರ್ ಎಂದು ಹೇಳುವುದು ನೆಟ್‌ವರ್ಕ್. ಫೋನ್ ಸುಮ್ನೆ ಅಳತೆ ಒಪ್ಪಿಸುತ್ತದೆ. ವೈ-ಫೈಯಲ್ಲಿ ಯಾವುದನ್ನು ಬಿಡಬೇಕು, ಯಾವುದನ್ನು ಹಿಡಿಯಬೇಕು, ಯಾವಾಗ ಎಂದು ತೀರ್ಮಾನಿಸುವುದು ಫೋನೇ. ನೀವು ಎಷ್ಟೇ ದುಬಾರಿ ರೂಟರ್ ತಂದರೂ ಈ ಅಧಿಕಾರ ಅದಕ್ಕೆ ಸಿಗುವುದಿಲ್ಲ.

ಬ್ರಹ್ಮಾವರದ ಹತ್ತಿರ ನಮ್ಮ ದೊಡ್ಡಪ್ಪನ ಮನೆ. ಹಳೆಯ ಮುರಕಲ್ಲಿನ ಗೋಡೆ, ಒಂದೂವರೆ ಅಡಿ ದಪ್ಪ. ಚಾವಡಿಯಲ್ಲಿರುವ ರೂಟರಿನ ಸಿಗ್ನಲ್ ಅಡುಗೆಮನೆಗೋ ಉಪ್ಪರಿಗೆಗೋ ತಲುಪುವಷ್ಟರಲ್ಲಿ ಸುಸ್ತಾಗುತ್ತದೆ. ಮಳೆಗಾಲದಲ್ಲಿ ಗೋಡೆ ನೀರು ಕುಡಿದರೆ ಇನ್ನೂ ಕಷ್ಟ. ಕಲ್ಲಿಗಿಂತ ಅದರೊಳಗಿನ ನೀರು ರೇಡಿಯೋ ಅಲೆಯನ್ನು ನುಂಗುವುದರಲ್ಲಿ ಗಟ್ಟಿಗ. ಹಾಗಾಗಿ ಉಪ್ಪರಿಗೆಗೆ ಇನ್ನೊಂದು ರೂಟರ್ ಬಂತು. ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್. "ಇನ್ನು ಮನೆಯಿಡೀ ಸೀಮ್‌ಲೆಸ್" ಎಂದು ಅಂಗಡಿಯವರು ಹೇಳಿ ಕಳಿಸಿದ್ದರಂತೆ.

ದೊಡ್ಡಮ್ಮ ಕುವೈತಿನಲ್ಲಿರುವ ಮಗನ ಜೊತೆ ವೀಡಿಯೋ ಕಾಲಿನಲ್ಲಿ ಮಾತಾಡುತ್ತಾ ಮೆಟ್ಟಿಲು ಹತ್ತುತ್ತಾರೆ. ಉಪ್ಪರಿಗೆಯ ಕೋಣೆ ಸೇರಿದರೂ ಫೋನಿನಲ್ಲಿ ಒಂದೇ ಕಡ್ಡಿ. ಮಗನ ಮುಖ ಅರ್ಧ ನಗುವಿನಲ್ಲೇ ನಿಂತುಬಿಡುತ್ತದೆ. ಸ್ವಲ್ಪ ಹೊತ್ತಿಗೆ ಕಡ್ಡಿಗಳೆಲ್ಲ ತುಂಬುತ್ತವೆ, ಆದರೆ ಕಾಲ್ ಕಟ್. "ಎಂತ ಮಾರಾಯ, ರೂಟರ್ ಇಲ್ಲೇ ಕಣ್ಣೆದುರು ಉಂಟು. ಫೋನಿಗೆ ಕಾಣುದಿಲ್ವಾ?" ಎಂದು ನನ್ನನ್ನು ಕೇಳಿದರು.

ಕಾಣುತ್ತದೆ, ಆದರೆ ಅದು ಕಣ್ಣು ಹಾಯಿಸುವುದೇ ಇಲ್ಲ. ಬೇರೆ ಆಕ್ಸೆಸ್ ಪಾಯಿಂಟ್ ಹುಡುಕಬೇಕಾದರೆ ಫೋನ್ ಬೇರೆ ಬೇರೆ ಚಾನೆಲ್‌ಗಳಿಗೆ, ಅಂದರೆ ರೇಡಿಯೋ ಸ್ಟೇಷನ್‌ಗಳ ಹಾಗೆ ಬೇರೆ ಬೇರೆ ತರಂಗಗಳಿಗೆ, ಕಿವಿ ಕೊಡಬೇಕು. ಅಷ್ಟು ಹೊತ್ತು ನಡೆಯುತ್ತಿರುವ ಮಾತಿಗೆ ಅಡ್ಡಿ, ಬ್ಯಾಟರಿಯೂ ಖರ್ಚು. ಹಾಗಾಗಿ ಈಗಿರುವ ಸಿಗ್ನಲ್ ಸಾಕಷ್ಟು ಕುಸಿಯುವವರೆಗೆ ಅದು ಅಲ್ಲಾಡುವುದಿಲ್ಲ. ಆಪಲ್ ತನ್ನ ಲೆಕ್ಕವನ್ನು ಬಹಿರಂಗವಾಗಿಯೇ ಹೇಳಿದೆ. ಸಿಗ್ನಲ್ ಮೈನಸ್ 70 ಡಿಬಿಎಂಗಿಂತ ಕೆಳಗಿಳಿದ ಮೇಲೆ ಐಫೋನ್ ಹುಡುಕಲು ಶುರು ಮಾಡುತ್ತದೆ. ಹೊಸ ಆಕ್ಸೆಸ್ ಪಾಯಿಂಟ್ ಕನಿಷ್ಠ 8 ಡಿಬಿ ಜೋರಾಗಿದ್ದರೆ ಮಾತ್ರ ಜಿಗಿಯುತ್ತದೆ. ಡೇಟಾ ಏನೂ ಹರಿಯದಿದ್ದರೆ 12 ಡಿಬಿ ಬೇಕು. ಆಂಡ್ರಾಯ್ಡ್‌ನಲ್ಲಿ ಈ ಲೆಕ್ಕ ಒಂದೊಂದು ಕಂಪನಿಗೆ ಒಂದೊಂದು ಥರ.

ಡಿಬಿಎಂ ಅಂದರೆ ಸಿಗ್ನಲ್ಲಿನ ಶಕ್ತಿಯ ಅಳತೆ, ಡಿಬಿ ಅಂದರೆ ಅಂಥ ಎರಡು ಅಳತೆಗಳ ನಡುವಿನ ಅಂತರ. ಸೊನ್ನೆಗೆ ಹತ್ತಿರವಾದಷ್ಟೂ ಜೋರು. 10 ಇಳಿದರೆ ಶಕ್ತಿ ಹತ್ತರಲ್ಲಿ ಒಂದು ಪಾಲು. ಮೈನಸ್ 50ಕ್ಕೂ ಮೈನಸ್ 70ಕ್ಕೂ ನಡುವೆ ನೂರು ಪಟ್ಟು ಅಂತರ!

ಫೋನಿನ ಈ ಜಿಗುಟುತನಕ್ಕೆ ಕಾರಣ ಇದೆ, ಅದನ್ನು ಬೈದು ಪ್ರಯೋಜನವಿಲ್ಲ. ಸ್ವಲ್ಪ ಜೋರು ಕಂಡ ಕಡೆಗೆಲ್ಲ ಹಾರುತ್ತಿದ್ದರೆ ಮೆಟ್ಟಿಲಿನ ನಡುವೆ ನಿಂತವರ ಫೋನ್ ಕೆಳಗೆ, ಮೇಲೆ, ಕೆಳಗೆ ಎಂದು ಅಲೆಯುತ್ತಲೇ ಇರುತ್ತಿತ್ತು. ಆದರೆ ಕೆಲವು ಫೋನ್‌ಗಳು ಅತಿ ಮಾಡುತ್ತವೆ, ಹಲಸಿನ ಮೇಣದ ಹಾಗೆ. ಇವುಗಳಿಗೆ ಸ್ಟಿಕಿ ಕ್ಲೈಂಟ್ ಎಂದೇ ಹೆಸರು.

ಇನ್ನು ಆ ಸೀಮ್‌ಲೆಸ್. ಸೀಮ್ ಅಂದರೆ ಬಟ್ಟೆಯ ಎರಡು ತುಂಡು ಸೇರುವ ಹೊಲಿಗೆ. ವೈ-ಫೈಯಲ್ಲಿ ಹೊಲಿಗೆ ಇಲ್ಲದಿರಲು ಸಾಧ್ಯವೇ ಇಲ್ಲ. ಒಂದು ನೆಟ್‌ವರ್ಕಿನಲ್ಲಿ ಫೋನ್ ಒಂದು ಹೊತ್ತಿಗೆ ಒಂದೇ ಆಕ್ಸೆಸ್ ಪಾಯಿಂಟಿಗೆ ಸೇರಿರುತ್ತದೆ. ಹಳೆಯದನ್ನು ಬಿಟ್ಟೇ ಹೊಸದನ್ನು ಹಿಡಿಯಬೇಕು. ಒಳ್ಳೆ ಟೈಲರ್ ಹೊಲಿದರೆ ಹೊಲಿಗೆ ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ. ಮಾತು ಒಂದು ತುದಿಯಿಂದ ಇನ್ನೊಂದಕ್ಕೆ 150 ಮಿಲಿಸೆಕೆಂಡಿನೊಳಗೆ ತಲುಪಿದರೆ ಸಾಮಾನ್ಯವಾಗಿ ಯಾರಿಗೂ ತಡ ಅನ್ನಿಸುವುದಿಲ್ಲ. ಜಿಗಿತ ಅದಕ್ಕಿಂತಲೂ ಚಿಕ್ಕದಾಗಿರಬೇಕು.

ದೊಡ್ಡಪ್ಪನ ಮನೆಯಲ್ಲಿ ಹೊಲಿಗೆಯಲ್ಲ, ಬಟ್ಟೆಯೇ ಬೇರೆ ಬೇರೆ ಇತ್ತು. ಚಾವಡಿಯ ರೂಟರ್ ಫೋನಿಗೆ 192.168.1 ಎಂದು ಶುರುವಾಗುವ ಐಪಿ ವಿಳಾಸ (ನೆಟ್‌ವರ್ಕಿನೊಳಗೆ ಫೋನಿನ ಮನೆ ನಂಬರ್ ಇದ್ದ ಹಾಗೆ) ಕೊಡುತ್ತಿತ್ತು. ಉಪ್ಪರಿಗೆಯದು ಇನ್ನೊಂದು ರೂಟರಿನ ಹಾಗೇ ಕೆಲಸ ಮಾಡುತ್ತಾ 192.168.0 ಎಂದು ಕೊಡುತ್ತಿತ್ತು. ವೈ-ಫೈಯ ಹೆಸರು ಒಂದೇ ಆದರೂ ಒಳಗೆ ಎರಡು ನೆಟ್‌ವರ್ಕ್. ಜಿಗಿದ ಕೂಡಲೇ ಫೋನಿನ ವಿಳಾಸವೇ ಬದಲು. ಕುವೈತಿನಿಂದ ಬರುತ್ತಿದ್ದ ಮಾತು ಹಳೆಯ ವಿಳಾಸಕ್ಕೆ ಹೋಗಿ ಬೀಳುತ್ತಿತ್ತು. ಕಾಲ್ ಕಟ್ ಆಗದೆ ಇನ್ನೇನಾದೀತು? ನಾನು ನೋಡಿದ ಮನೆಗಳಲ್ಲೆಲ್ಲ ಜಾಸ್ತಿ ಕಂಡ ತಪ್ಪು ಇದೇ.

ಪರಿಹಾರಕ್ಕೆ ಪೈಸೆ ಖರ್ಚಿಲ್ಲ. ಎರಡನೇ ರೂಟರಿನ ಸೆಟ್ಟಿಂಗ್‌ನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಇದ್ದರೆ ಅದನ್ನು ಆರಿಸಿ. ಹಳೆಯ ರೂಟರಾಗಿ ಆ ಮೋಡ್ ಇಲ್ಲದಿದ್ದರೆ ಅದರ ಡಿಎಚ್‌ಸಿಪಿ, ಅಂದರೆ ವಿಳಾಸ ಹಂಚುವ ಕೆಲಸ, ಆಫ್ ಮಾಡಿ. ಮೊದಲ ರೂಟರಿನ ಸಾಲಿನಲ್ಲೇ ಬರುವ, ಆದರೆ ಬೇರೆ ಯಾರಿಗೂ ಕೊಡದ ಒಂದು ವಿಳಾಸವನ್ನು ಅದಕ್ಕೆ ಕೊಡಿ. ಮೊದಲ ರೂಟರಿನಿಂದ ಬರುವ ಕೇಬಲನ್ನು ಅದರ ವ್ಯಾನ್ ಪೋರ್ಟಿಗೆ (ಹೊರಗಿನ ಇಂಟರ್ನೆಟ್ ಬರುವ ತೂತು) ಹಾಕದೆ ಲ್ಯಾನ್ ಪೋರ್ಟಿಗೆ (ಮನೆಯೊಳಗಿನ ಸಾಧನಗಳ ತೂತು) ಹಾಕಿ. ವಿಳಾಸ ಹಂಚುವ ಯಜಮಾನ ಮನೆಗೆ ಒಬ್ಬನೇ ಇರಬೇಕು. ಹೆಸರು, ಪಾಸ್‌ವರ್ಡ್ ಅಲ್ಲದೆ ಸೆಕ್ಯುರಿಟಿಯ ಬಗೆಯೂ ಎರಡರಲ್ಲಿ ಒಂದೇ ಇರಬೇಕು. ಒಂದರಲ್ಲಿ ಡಬ್ಲ್ಯುಪಿಎ2, ಇನ್ನೊಂದರಲ್ಲಿ ಡಬ್ಲ್ಯುಪಿಎ3 ಇಟ್ಟರೆ ಫೋನ್ ತಕರಾರು ತೆಗೆಯಬಹುದು.

ಚಾನೆಲ್ ಮಾತ್ರ ಬೇರೆ ಬೇರೆ ಇರಲಿ. ವೈ-ಫೈ ಬಳಸುವ ತರಂಗಗಳಲ್ಲೊಂದಾದ 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11. ಕೆಳಗೆ 1 ಇದ್ದರೆ ಮೇಲೆ 6 ಅಥವಾ 11.

ಇದಾದ ಮೇಲೆ ಕಾಲ್ ಕಟ್ ಆಗುವುದು ನಿಂತಿತು. ಫೋನ್ ಅಂಟಿಕೊಳ್ಳುವುದು ನಿಲ್ಲಲಿಲ್ಲ. ಮಾಡಬೇಕಾದ್ದನ್ನು ಹೇಳಿದಾಗ ದೊಡ್ಡಪ್ಪ ನನ್ನನ್ನು ಅನುಮಾನದಿಂದ ನೋಡಿದರು. ಚಾವಡಿಯ ರೂಟರಿನ ಶಕ್ತಿ ಕಡಿಮೆ ಮಾಡಬೇಕು! ಯೋಚಿಸಿ ನೋಡಿ. ಉಪ್ಪರಿಗೆಗೆ ಇರುವುದು ಮರದ ಮುಚ್ಚಿಗೆ, ಅದರ ಮೂಲಕ ಕೆಳಗಿನ ಸಿಗ್ನಲ್ ಸೋತರೂ ಸ್ವಲ್ಪ ಹತ್ತಿ ಬರುತ್ತದೆ. "ಇನ್ನೂ ಇದೆಯಲ್ಲ" ಎಂದು ಫೋನ್ ಸುಮ್ಮನಿರುತ್ತದೆ. ರೂಟರಿನ ಕೂಗು ಫೋನಿಗೆ ಕೇಳಿದರೂ, ಸಣ್ಣ ಬ್ಯಾಟರಿಯ ಫೋನಿನ ಉತ್ತರ ರೂಟರಿಗೆ ಸರಿಯಾಗಿ ಕೇಳುವುದಿಲ್ಲ. ಒಂದು ಕಡ್ಡಿ ಇದ್ದೂ ವೀಡಿಯೋ ನಿಲ್ಲುವುದು ಹೀಗೆ. 2.4ರ ಶಕ್ತಿಯನ್ನು ಹೈಯಿಂದ ಲೋಗೆ ಇಳಿಸಿದೆವು. ಈಗ ಮೆಟ್ಟಿಲಿನ ನಡುವೆಯೇ ಕೆಳಗಿನದು ಬಡವಾಗುತ್ತದೆ, ಫೋನಿಗೆ ಬೇರೆಯದನ್ನು ಹುಡುಕುವ ಮನಸ್ಸು ಬರುತ್ತದೆ.

ಹಾಗಂತ ತೀರಾ ಇಳಿಸಿದರೆ ನಡುವೆ ಸಿಗ್ನಲ್ಲೇ ಇಲ್ಲದ ಜಾಗ ಹುಟ್ಟುತ್ತದೆ. ಎರಡರ ಸೆರಗು ಸ್ವಲ್ಪ ಒಂದರ ಮೇಲೊಂದು ಬರಬೇಕು.

ಕೆಲವು ರೂಟರ್‌ಗಳ ಪೆಟ್ಟಿಗೆಯ ಮೇಲೆ 802.11ಕೆ, ವಿ, ಆರ್ ಎಂದು ಬರೆದಿರುತ್ತದೆ. ಕೆ ಮತ್ತು ಆರ್ 2008ರಲ್ಲಿ, ವಿ 2011ರಲ್ಲಿ ಬಂದ, ರೋಮಿಂಗಿಗೆ ನೆರವಾಗುವ ನಿಯಮಗಳು. ಸ್ಟೇಟ್‌ಬ್ಯಾಂಕಿನಿಂದ ಸುರತ್ಕಲ್‌ಗೆ ಹೊರಟ ಸಿಟಿ ಬಸ್ ನೆನಪಿಸಿಕೊಳ್ಳಿ. ಹಿಂದೆ ಯಾವ ಯಾವ ಬಸ್ ಬರುತ್ತಿದೆ ಎಂದು ಕಂಡಕ್ಟರ್ ಪಟ್ಟಿ ಹೇಳಿದರೆ ಅದು ಕೆ. ಫೋನ್ ಎಲ್ಲ ಚಾನೆಲ್ ತಡಕಾಡುವುದು ತಪ್ಪುತ್ತದೆ. "ಇದು ರಶ್ ಉಂಟು, ಹಿಂದಿನದ್ದರಲ್ಲಿ ಬನ್ನಿ" ಎಂದರೆ ಅದು ವಿ. ಗಮನಿಸಿ, ಇದು ಸಲಹೆ ಮಾತ್ರ. ಇಳಿಯುವುದು ಬಿಡುವುದು ಪ್ರಯಾಣಿಕನ ಇಷ್ಟ. ಇಲ್ಲಿ ತೆಗೆದ ಟಿಕೆಟನ್ನೇ ಮುಂದಿನ ಬಸ್ಸಿನಲ್ಲೂ ಒಪ್ಪಿದರೆ ಅದು ಆರ್. ಗುರುತು ಒಪ್ಪಿಸುವ ಕೆಲಸ ಪ್ರತಿ ಸಲ ಮೊದಲಿನಿಂದ ಮಾಡಬೇಕಾಗಿಲ್ಲ.

ಒಬ್ಬೊಬ್ಬರಿಗೂ ಬೇರೆ ಯೂಸರ್‌ನೇಮ್, ಬೇರೆ ಪಾಸ್‌ವರ್ಡ್ ಇರುವ ದೊಡ್ಡ ಕಾಲೇಜು, ಆಸ್ಪತ್ರೆಗಳಲ್ಲಿ ಆರ್ ಬಹಳ ಉಪಕಾರಿ. ಅಲ್ಲಿ ಪ್ರತಿ ಜಿಗಿತಕ್ಕೂ ದೂರದ ಸರ್ವರ್ ಕೇಳಿ ಬರಬೇಕಾಗುತ್ತದೆ. ಮನೆಯಲ್ಲಿ ಒಂದೇ ಪಾಸ್‌ವರ್ಡ್, ನಾಲ್ಕು ಸಂದೇಶಗಳಲ್ಲಿ ಗುರುತಿನ ಕೆಲಸ ಮುಗಿಯುತ್ತದೆ. ಹಾಗಾಗಿ ನನ್ನ ಮಟ್ಟಿಗೆ ಮನೆಗೆ ಕೆ ಮತ್ತು ವಿ ಸಾಕು. ಆರ್ ಹಾಕಿದ ಮೇಲೆ ಹಳೆಯ ಪ್ರಿಂಟರ್, ಕ್ಯಾಮೆರಾ ಕನೆಕ್ಟ್ ಆಗದೆ ಹಟ ಹಿಡಿದರೆ ಅದನ್ನು ಆಫ್ ಮಾಡಿ.

ಮೆಶ್ ಎಂಬ ಪದವನ್ನೂ ರೋಮಿಂಗ್ ಜೊತೆ ಕಲಸುವುದುಂಟು. ಆಕ್ಸೆಸ್ ಪಾಯಿಂಟ್‌ಗಳು ತಮ್ಮ ತಮ್ಮಲ್ಲಿ ಗಾಳಿಯಲ್ಲೇ ಮಾತಾಡಿಕೊಳ್ಳುವುದು ಮೆಶ್. ಫೋನ್ ಅವುಗಳ ನಡುವೆ ಓಡಾಡುವುದು ರೋಮಿಂಗ್. ಕೇಬಲ್ ಎಳೆಯಲು ದಾರಿ ಇದ್ದರೆ ಕೇಬಲ್ಲೇ ಒಳ್ಳೆಯದು, 100 ಮೀಟರ್‌ವರೆಗೆ ತೊಂದರೆಯಿಲ್ಲ. ಆದರೆ ನಮ್ಮ ಕರಾವಳಿಯಲ್ಲಿ ಒಂದು ಎಚ್ಚರಿಕೆ. ಮನೆಯಿಂದ ಹೊರಗಿನ ಕೊಟ್ಟಿಗೆಗೋ ಔಟ್‌ಹೌಸಿಗೋ ತಾಮ್ರದ ಲ್ಯಾನ್ ಕೇಬಲ್ ಎಳೆಯಬೇಡಿ. ಒಂದು ಸಿಡಿಲಿಗೆ ಎರಡೂ ಬದಿಯ ಪೋರ್ಟ್ ಸುಟ್ಟು ಹೋಗಬಹುದು. ಅಲ್ಲಿಗೆ ಫೈಬರ್ ಹಾಕಿ, ಗಾಜು ಕರೆಂಟ್ ಒಯ್ಯುವುದಿಲ್ಲ.

ರೋಮಿಂಗ್ ಆಯಿತೋ ಇಲ್ಲವೋ ಎಂದು ಕಡ್ಡಿ ನೋಡಿ ಹೇಳಲಾಗದು. ಎರಡು ಆಕ್ಸೆಸ್ ಪಾಯಿಂಟ್‌ಗಳ ಹೆಸರು ಒಂದೇ ಆದರೂ ಪ್ರತಿಯೊಂದಕ್ಕೂ ಬಿಎಸ್‌ಎಸ್‌ಐಡಿ ಎಂಬ ತನ್ನದೇ ನಂಬರ್ ಇರುತ್ತದೆ. ವೈ-ಫೈ ಅನಲೈಸರ್ ಆ್ಯಪ್‌ಗಳು ಅದನ್ನು ತೋರಿಸುತ್ತವೆ. ದೊಡ್ಡಮ್ಮ ಮತ್ತೆ ಕುವೈತಿಗೆ ಕಾಲ್ ಹಚ್ಚಿಕೊಂಡು ಮೆಟ್ಟಿಲು ಹತ್ತಿದರು. ನಾನು ನನ್ನ ಫೋನಿನಲ್ಲಿ ಪಿಂಗ್ (ಸಣ್ಣ ಸಂದೇಶ ಮತ್ತೆ ಮತ್ತೆ ಕಳಿಸಿ ಉತ್ತರ ಬರುತ್ತದೋ ಎಂದು ನೋಡುವುದು) ಹಾಕಿಕೊಂಡು ಹಿಂದೆಯೇ ಹೋದೆ. ಎಂಟನೇ ಮೆಟ್ಟಿಲಿನಲ್ಲಿ ನನ್ನ ಬಿಎಸ್‌ಎಸ್‌ಐಡಿ ಬದಲಾಯಿತು, ಒಂದು ಪಿಂಗ್ ತಪ್ಪಿತು. ಅವರದ್ದು ಎಲ್ಲಿ ಜಿಗಿಯಿತೋ ಗೊತ್ತಾಗಲಿಲ್ಲ. ಕುವೈತಿನವನು ಊರಿನ ಮಳೆ ಬಗ್ಗೆ ಕೇಳುತ್ತಲೇ ಇದ್ದ.