ಪಿಆರ್‌ನಲ್ಲಿ ಬಡ್ತಿ ಎಲ್ಲಿ ನಿಲ್ಲುತ್ತದೆ?

ಬೆಂಗಳೂರಿನ ಪಿಆರ್ (ಸಾರ್ವಜನಿಕ ಸಂಪರ್ಕ) ಏಜೆನ್ಸಿ ಸೇರಿದವರಿಗೆ ಮೊದಲ ಕೆಲವು ವರ್ಷ ಬಡ್ತಿಯ ಚಿಂತೆ ಅಷ್ಟಾಗಿ ಇರುವುದಿಲ್ಲ. ಎಕ್ಸಿಕ್ಯೂಟಿವ್, ಸೀನಿಯರ್ ಎಕ್ಸಿಕ್ಯೂಟಿವ್, ಮ್ಯಾನೇಜರ್ ಎಂದು ಹುದ್ದೆಯ ಹೆಸರು ಬದಲಾಗುತ್ತಾ ಹೋಗುತ್ತದೆ. ಆಮೇಲೆ ಹಲವರು ಅಲ್ಲೇ ನಿಂತುಬಿಡುತ್ತಾರೆ. ನನ್ನ ಬಳಿ ಸಲಹೆ ಕೇಳಿಕೊಂಡು ಬರುವವರು ಹೆಚ್ಚಾಗಿ ಈ ಹಂತದವರೇ. ‘ಪತ್ರಿಕೆಗಳಲ್ಲಿ ಇಷ್ಟೊಂದು ಕವರೇಜ್ ತಂದುಕೊಟ್ಟರೂ ನನ್ನನ್ನು ಗುರುತಿಸಲಿಲ್ಲ’ ಎಂಬ ನೋವು ಅವರದು.

ಅವರ ವರದಿಗಳನ್ನು ತರಿಸಿ ನೋಡುತ್ತೇನೆ. ಯಾವ ಪತ್ರಿಕೆಯಲ್ಲಿ ಎಷ್ಟು ಕಾಲಂ ಸೆಂಟಿಮೀಟರ್ ಸುದ್ದಿ ಬಂತು, ಅಷ್ಟೇ ಜಾಗಕ್ಕೆ ಜಾಹೀರಾತು ಕೊಟ್ಟಿದ್ದರೆ ಎಷ್ಟು ಲಕ್ಷ ಆಗುತ್ತಿತ್ತು ಎಂಬ ಲೆಕ್ಕವೇ ತುಂಬಿರುತ್ತದೆ. ಈ ಅಳತೆ ನಮ್ಮ ಕೆಲಸದ ಮೌಲ್ಯವಲ್ಲ ಎಂದು 2010ರಲ್ಲೇ ಬಾರ್ಸಿಲೋನಾದಲ್ಲಿ ಸೇರಿದ್ದ ವೃತ್ತಿಪರರು ಘೋಷಿಸಿದ್ದರು. ಆದರೂ ತಿಂಗಳ ಕೊನೆಗೆ ಅದೇ ಲೆಕ್ಕ ಕ್ಲೈಂಟ್ ಮುಂದೆ ಹೋಗುತ್ತಿದೆ. ಆ ಲೆಕ್ಕ ಕೊಡುವವರು ಕ್ಲೈಂಟ್ ಕಂಪನಿಯ ಕಣ್ಣಿಗೆ ಸುದ್ದಿ ಹಾಕಿಸುವವರು ಮಾತ್ರ. ಎಲ್ಲ ತೀರ್ಮಾನವಾದ ಮೇಲೆ ಅವರಿಗೆ ಕರೆ ಬರುತ್ತದೆ. ತೀರ್ಮಾನಕ್ಕೆ ಮೊದಲು ಕರೆ ಬರತೊಡಗಿದರೆ ಅದನ್ನು ನಾನು ಬಡ್ತಿ ಎನ್ನುತ್ತೇನೆ.

ಕಂಪನಿಯ ತೀರ್ಮಾನವನ್ನೇ ಬದಲಿಸಿದ ಹಳೆಯ ಉದಾಹರಣೆಯೊಂದಿದೆ. 1906ರ ಅಕ್ಟೋಬರ್‌ನಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟಿಯಲ್ಲಿ ರೈಲೊಂದು ಸೇತುವೆಯಿಂದ ನೀರಿಗೆ ಉರುಳಿ 50ಕ್ಕೂ ಹೆಚ್ಚು ಜನ ಸತ್ತರು. ಅಪಘಾತವನ್ನು ಮುಚ್ಚಿಡುವುದು ಆಗಿನ ರೈಲ್ವೆ ಕಂಪನಿಗಳ ರೂಢಿ. ಪೆನ್ಸಿಲ್ವೇನಿಯಾ ರೈಲ್‌ರೋಡ್‌ಗೆ ಸಲಹೆಗಾರರಾಗಿದ್ದ ಐವಿ ಲೀ ವಿವರಗಳನ್ನು ಬರೆದು ಹಂಚಿದರು, ವರದಿಗಾರರು ಸ್ಥಳಕ್ಕೆ ಹೋಗುವಂತೆ ಮಾಡಿದರು. ಅದನ್ನು ಮೊದಲ ಪತ್ರಿಕಾ ಪ್ರಕಟಣೆ ಎಂದು ತರಗತಿಗಳಲ್ಲಿ ಹೇಳಿಕೊಡುತ್ತಾರೆ. ಆ ಪ್ರಕಟಣೆಗಿಂತ, ಮುಚ್ಚಿಡುವ ರೂಢಿಯನ್ನು ಬಿಡಲು ಕಂಪನಿಯನ್ನು ಒಪ್ಪಿಸಿದ್ದೇ ನನಗೆ ದೊಡ್ಡದಾಗಿ ಕಾಣುತ್ತದೆ.

ಒಪ್ಪಿಸುವ ಬಲ ಓದಿನಿಂದ ಬರುತ್ತದೆ. ಬ್ಯಾಲೆನ್ಸ್ ಶೀಟ್ ಅರ್ಥವಾಗಬೇಕು. ಷೇರುಪೇಟೆಯಲ್ಲಿರುವ ಕಂಪನಿಯಾದರೆ, ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ ನಿಯಮದಂತೆ ಯಾವ ಸಂಗತಿ ಪತ್ರಕರ್ತರಿಗಿಂತ ಮೊದಲು ಷೇರು ವಿನಿಮಯ ಕೇಂದ್ರಕ್ಕೆ ತಲುಪಬೇಕು ಎಂಬುದು ಗೊತ್ತಿರಬೇಕು.

ಜನರ ಮಾತು ಕೇಳಿಸಿಕೊಳ್ಳುವುದರಿಂದಲೂ ಆ ಬಲ ಬರುತ್ತದೆ. ಕಾರ್ಖಾನೆಯೊಂದರ ವಿಸ್ತರಣೆಗೆ ಸಾರ್ವಜನಿಕ ಅಹವಾಲು ಸಭೆ ನಿಗದಿಯಾಗಿತ್ತು. ಇಂಥ ಸಭೆಗೆ ಮೊದಲು ಪರಿಸರ ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲೂ ಜನರಿಗೆ ಸಿಗಬೇಕು. ನಮ್ಮ ತಂಡದ ಕಿರಿಯ ಸಹೋದ್ಯೋಗಿಯೊಬ್ಬಳು ಆ ಕನ್ನಡ ಸಾರಾಂಶವನ್ನು ಹಿಡಿದು ಸುತ್ತಲಿನ ಊರುಗಳಿಗೆ ಹೋದಳು. ‘ಅಂತರ್ಜಲದ ಮೇಲಿನ ಪರಿಣಾಮ ನಗಣ್ಯ’ ಎಂಬ ಸಾಲನ್ನು ಓದಿ ಹೇಳಿದಾಗ ಒಬ್ಬ ರೈತರು, ‘ನನ್ನ ಕೊಳವೆಬಾವಿ ಬತ್ತಿದರೆ ಯಾರನ್ನು ಕೇಳಲಿ?’ ಎಂದರಂತೆ. ಇಡೀ ಸಾರಾಂಶದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಆಕೆ ಕಂಪನಿಗೆ ಎರಡು ಪುಟದ ಟಿಪ್ಪಣಿ ಬರೆದಳು: ಪ್ರಕಟಣೆ ಆಮೇಲಾಗಲಿ, ಮೊದಲು ಕೊಳವೆಬಾವಿಗಳ ನೀರಿನ ಮಟ್ಟವನ್ನು ಪ್ರತಿ ತಿಂಗಳು ಅಳೆದು ಪಂಚಾಯಿತಿ ಕಚೇರಿಯಲ್ಲಿ ಹಾಕಲು ಒಪ್ಪಿಕೊಳ್ಳಿ.

ಆಡಳಿತ ವರ್ಗಕ್ಕೆ ಅದು ಹಿಡಿಸಲಿಲ್ಲ. ಎರಡು ವಾರ ವಾದವಾಯಿತು, ಕೊನೆಗೆ ಒಪ್ಪಿದರು. ಮುಂದಿನ ಯೋಜನಾ ಸಭೆಯ ಆಹ್ವಾನದಲ್ಲಿ ಎಂಜಿನಿಯರ್‌ಗಳ ಜೊತೆ ಆಕೆಯ ಹೆಸರೂ ಇತ್ತು.