ಬಫರ್ ಬೇರೆ ಇದ್ದರೆ ಸಾಲದು: ಹಲವು ಥ್ರೆಡ್‌ಗಳಲ್ಲಿ ಒಂದೇ ಫೈಲ್ ಓದುವುದು

ಲಿನಕ್ಸ್, ಸಿ ಭಾಷೆ, ಥ್ರೆಡ್ ಶುರು ಮಾಡುವುದು, ಜಾಯಿನ್ ಮಾಡುವುದು ಇಷ್ಟೆಲ್ಲ ಗೊತ್ತಿದೆ ಅಂತಲೇ ಇಟ್ಟುಕೊಳ್ಳೋಣ. ಕೆಲಸ ಇದು: ಒಂದು ದೊಡ್ಡ ಲಾಗ್ ಫೈಲ್, ನಾಲ್ಕು ಥ್ರೆಡ್, ಪ್ರತಿಯೊಂದಕ್ಕೂ ಅದರದ್ದೇ ಬಫರ್. ಒಂದೊಂದು ಥ್ರೆಡ್ ಫೈಲಿನ ಕಾಲು ಭಾಗ ಓದಬೇಕು.

ಆಫ್‌ಸೆಟ್ ಇರುವುದೆಲ್ಲಿ?

ಬಫರ್ ಬೇರೆ ಬೇರೆ ಇದೆ, ಇನ್ನು ಲಾಕ್ ಯಾಕೆ ಅಂತ ಅನಿಸುತ್ತದೆ ಅಲ್ವಾ? ಬಫರ್ ಮಟ್ಟಿಗೆ ಅದು ಸರಿಯೇ. ತೊಂದರೆ ಇರುವುದು ಬೇರೆ ಕಡೆ. ಫೈಲ್ ಓಪನ್ ಮಾಡಿದಾಗ ಕರ್ನಲ್ ತನ್ನ ಹತ್ತಿರ ಒಂದು ದಾಖಲೆ ಮಾಡಿಕೊಳ್ಳುತ್ತದೆ. ಮುಂದಿನ ಸಲ ಎಷ್ಟನೇ ಬೈಟ್‌ನಿಂದ ಓದಬೇಕು ಅನ್ನುವ ಸಂಖ್ಯೆ, ಅಂದರೆ ಆಫ್‌ಸೆಟ್, ಆ ದಾಖಲೆಯಲ್ಲಿರುತ್ತದೆ. ಥ್ರೆಡ್‌ನಲ್ಲಿ ಅಲ್ಲ, ಬಫರ್‌ನಲ್ಲೂ ಅಲ್ಲ. ನಾಲ್ಕು ಥ್ರೆಡ್ ಒಂದೇ ಡಿಸ್ಕ್ರಿಪ್ಟರ್, ಅಂದರೆ ಓಪನ್ ಮಾಡಿದಾಗ ಸಿಗುವ ನಂಬರ್, ಬಳಸಿದರೆ ನಾಲ್ಕಕ್ಕೂ ಸೇರಿ ಆಫ್‌ಸೆಟ್ ಒಂದೇ.

ಸಣ್ಣ ಲೆಕ್ಕ ಹಾಕಿ ನೋಡೋಣ. ಫೈಲ್ 8000 ಬೈಟ್. ಎ ಥ್ರೆಡ್ 0ಯಿಂದ, ಬಿ ಥ್ರೆಡ್ 4000ದಿಂದ ಓದಬೇಕು. ಎರಡೂ ಮೊದಲು ಎಲ್‌ಸೀಕ್ (ಆಫ್‌ಸೆಟ್ ಬದಲಿಸುವ ಕರೆ), ಆಮೇಲೆ ರೀಡ್ ಕರೆಯುತ್ತವೆ.

ಎ: ಎಲ್‌ಸೀಕ್ 0. ಆಫ್‌ಸೆಟ್ ಈಗ 0.
ಬಿ: ಎಲ್‌ಸೀಕ್ 4000. ಆಫ್‌ಸೆಟ್ ಈಗ 4000.
ಎ: ರೀಡ್ 4000 ಬೈಟ್. ಸಿಕ್ಕಿದ್ದು 4000ದಿಂದ 7999. ಆಫ್‌ಸೆಟ್ ಈಗ 8000.
ಬಿ: ರೀಡ್ 4000 ಬೈಟ್. ವಾಪಸ್ ಬಂದದ್ದು 0.

ಬಿ ಓದಬೇಕಾದ ಡೇಟಾ ಎ ಬಫರಿಗೆ ಹೋಯಿತು. ಫೈಲ್ ಮುಗಿದಿದೆ ಅಂದುಕೊಂಡು ಬಿ ಸುಮ್ನೆ ಹೊರಟುಹೋಯಿತು. ಮೊದಲ ಅರ್ಧವನ್ನು ಯಾರೂ ಓದಲೇ ಇಲ್ಲ. ಇಷ್ಟಾದರೂ -1 ಎಲ್ಲೂ ಬರುವುದಿಲ್ಲ, ಒಂದು ಎರರ್ ಕೂಡ ಇಲ್ಲ. ಹತ್ತು ಸಲ ಓಡಿಸಿದರೆ ಒಂಬತ್ತು ಸಲ ಸರಿಯಾಗಿಯೇ ಓಡಬಹುದು, ಅದೇ ಕಿರಿಕಿರಿ.

ಡೂಪ್ (ಡಿಸ್ಕ್ರಿಪ್ಟರ್ ನಕಲು ಮಾಡುವ ಕರೆ) ಮಾಡಿ ಇನ್ನೊಂದು ಡಿಸ್ಕ್ರಿಪ್ಟರ್ ತೆಗೆದುಕೊಂಡರೂ ಪ್ರಯೋಜನವಿಲ್ಲ. ನಂಬರ್ ಬದಲಾಗುತ್ತದೆ, ಹಿಂದಿನ ದಾಖಲೆ ಅದೇ. ಪ್ರತಿ ಥ್ರೆಡ್ ತಾನೇ ಫೈಲನ್ನು ಓಪನ್ ಮಾಡಿದರೆ ಮಾತ್ರ ಆಫ್‌ಸೆಟ್ ಬೇರೆಯಾಗುತ್ತದೆ. ಇನ್ನೊಂದು ಗೊಂದಲ: ಲಿನಕ್ಸ್ 3.14ಕ್ಕಿಂತ ಮೊದಲು ಬರೀ ರೀಡ್ ಕರೆದರೂ ಎರಡು ಥ್ರೆಡ್‌ಗಳಿಗೆ ಒಂದೇ ತುಂಡು ಸಿಗುವ ಸಾಧ್ಯತೆ ಇತ್ತು. 3.14ರಲ್ಲಿ ಅದನ್ನು ಸರಿಮಾಡಿದರು. ಆದರೆ ಮೇಲಿನ ತೊಂದರೆಗೂ ಅದಕ್ಕೂ ಸಂಬಂಧವಿಲ್ಲ. ಎಲ್‌ಸೀಕ್ ಮತ್ತು ರೀಡ್ ಎರಡು ಬೇರೆ ಕರೆಗಳು, ನಡುವೆ ಯಾರು ಬೇಕಾದರೂ ನುಗ್ಗಬಹುದು.

ಪಿ-ರೀಡ್

ಈ ತೊಂದರೆಗೆ ಪರಿಹಾರವಾಗಿ ನನಗೆ ಪಿ-ರೀಡ್ ಕರೆಯೇ ಇಷ್ಟ. ಎಲ್ಲಿಂದ ಓದಬೇಕು ಅನ್ನುವುದನ್ನು ಕರೆಯಲ್ಲೇ ಕೊಡುತ್ತೇವೆ. ಹಂಚಿಕೊಂಡ ಆಫ್‌ಸೆಟ್ಟನ್ನು ಅದು ನೋಡುವುದೂ ಇಲ್ಲ, ಬದಲಿಸುವುದೂ ಇಲ್ಲ. ಹಾಗಾಗಿ ಲಾಕ್ ಬೇಡ, ಒಂದೇ ಡಿಸ್ಕ್ರಿಪ್ಟರ್ ಸಾಕು.

ಒಂದು ಎಚ್ಚರ: ಕೇಳಿದಷ್ಟೂ ಒಂದೇ ಸಲ ಸಿಗುತ್ತದೆ ಅಂತ ಇಲ್ಲ. ಲಿನಕ್ಸ್‌ನಲ್ಲಿ ಒಂದು ಕರೆಗೆ 2147479552 ಬೈಟ್ ಮಿತಿಯೂ ಇದೆ. ಆದ್ದರಿಂದ ಲೂಪ್ ಬೇಕೇ ಬೇಕು. 4000 ಕೇಳಿ 2500 ಸಿಕ್ಕಿತು ಅನ್ನಿ. ಬಫರ್ ಪಾಯಿಂಟರ್ 2500 ಮುಂದೆ, ಬಾಕಿ 1500, ಆಫ್‌ಸೆಟ್ ಕೂಡ 2500 ಮುಂದೆ. ರೀಡ್‌ನಲ್ಲಿ ಮೂರನೆಯದನ್ನು ಕರ್ನಲ್ ಮಾಡುತ್ತಿತ್ತು. ಇಲ್ಲಿ ನಾವೇ ಮಾಡಬೇಕು. ಮರೆತರೆ ಅದೇ ತುಂಡು ಎರಡು ಸಲ ಬಫರಿಗೆ ಬರುತ್ತದೆ. 0 ಬಂದರೆ ಫೈಲ್ ಮುಗಿಯಿತು. ಪೈಪ್ ಮೇಲೆ ಪಿ-ರೀಡ್ ನಡೆಯುವುದಿಲ್ಲ.

ರೀಡ್-ವಿ ಹಲವು ಬಫರ್‌ಗಳಿಗೆ ಓದುತ್ತದೆ, ನಿಜ. ಆದರೆ ಒಂದು ಕರೆಯಲ್ಲಿ, ಒಂದಾದ ಮೇಲೊಂದು ತುಂಬುತ್ತ ಹೋಗುತ್ತದೆ. ಥ್ರೆಡ್ ಹಂಚಿಕೆಗೂ ಅದಕ್ಕೂ ಸಂಬಂಧವಿಲ್ಲ.

ಸಾಲು ಅರ್ಧಕ್ಕೆ ಕತ್ತರಿಸಿದರೆ

ಫೈಲನ್ನು ಬೈಟ್ ಲೆಕ್ಕದಲ್ಲಿ ನಾಲ್ಕು ಮಾಡಿದರೆ ಗಡಿ ಸಾಲಿನ ನಡುವೆ ಬೀಳುತ್ತದೆ. ಕನ್ನಡ ಪಠ್ಯವಾದರೆ ಅಕ್ಷರದ ನಡುವೆಯೇ ಬೀಳಬಹುದು. ಯುಟಿಎಫ್-8ರಲ್ಲಿ ‘ಕ’ ಅಂದರೆ 224, 178, 149 ಎಂಬ ಮೂರು ಬೈಟ್. ‘ಕ್ಷ’ಕ್ಕೆ ಒಂಬತ್ತು. ಸಮಾಧಾನದ ವಿಷಯ ಏನೆಂದರೆ ಇಂಥ ಬೈಟ್‌ಗಳೆಲ್ಲ 128 ಅಥವಾ ಅದಕ್ಕಿಂತ ಜಾಸ್ತಿ. ಹೊಸ ಸಾಲಿನ ಗುರುತು 10. ಹಾಗಾಗಿ 10 ಹುಡುಕಿ ಅಲ್ಲಿ ಕತ್ತರಿಸಿದರೆ ಅಕ್ಷರ ಒಡೆಯುವುದಿಲ್ಲ.

ನಿಯಮ ಇದು: ಯಾವ ಥ್ರೆಡ್‌ನ ಭಾಗದಲ್ಲಿ ಸಾಲು ಶುರುವಾಗುತ್ತದೋ ಆ ಸಾಲು ಪೂರ್ತಿ ಅದರದ್ದು. ಸಾಲು ಗಡಿ ದಾಟಿದರೆ ಅದೇ ಥ್ರೆಡ್ ಇನ್ನಷ್ಟು ಪಿ-ರೀಡ್ ಮಾಡಿ ಮುಗಿಸಬೇಕು. ಮುಂದಿನ ಥ್ರೆಡ್ ಮೊದಲ 10 ಸಿಗುವವರೆಗೆ ಬಿಟ್ಟು, ಅದರ ಆಚೆಯಿಂದ ಶುರು ಮಾಡುತ್ತದೆ. ಆದರೆ ಹುಡುಕುವುದು ಎಲ್ಲಿಂದ? ಗಡಿ 4000 ಆದರೆ 3999ರಿಂದ. ಯಾಕೆಂದರೆ ಹೊಸ ಸಾಲು ಸರಿಯಾಗಿ 4000ದಲ್ಲೇ ಶುರುವಾಗಿರಬಹುದು. ಆಗ 3999ರಲ್ಲಿ 10 ಇರುತ್ತದೆ, ಬಿ 4000ದಿಂದಲೇ ಓದುತ್ತದೆ. 4000ದಿಂದ ಹುಡುಕಿದರೆ ಆ ಸಾಲನ್ನು ಬಿ ಬಿಟ್ಟುಬಿಡುತ್ತದೆ, ಎ ಕೂಡ ತನ್ನದಲ್ಲ ಅಂತ ಮುಟ್ಟುವುದಿಲ್ಲ. ಮೊದಲ ಥ್ರೆಡ್‌ಗೆ ಈ ಹುಡುಕಾಟ ಇಲ್ಲ, ಅದು 0ಯಿಂದ ನೇರ ಓದಬೇಕು.

ವೇಗ ಅಳೆಯುವಾಗ ಒಂದು ಗಮನವಿರಲಿ. ಎರಡನೇ ಸಲ ಓಡಿಸಿದಾಗ ಫೈಲ್ ಬಹುಪಾಲು ಪೇಜ್ ಕ್ಯಾಶ್‌ನಲ್ಲೇ (ಓದಿದ್ದನ್ನು ಕರ್ನಲ್ ಮೆಮೊರಿಯಲ್ಲಿ ಇಟ್ಟುಕೊಳ್ಳುವ ಜಾಗ) ಇರುತ್ತದೆ, ಡಿಸ್ಕಿಗೆ ಹೋಗುವ ಅಗತ್ಯವೇ ಇರುವುದಿಲ್ಲ. ಒಂದು ಥ್ರೆಡ್‌ನ ಮೊದಲ ಓಟವನ್ನು ನಾಲ್ಕು ಥ್ರೆಡ್‌ನ ಎರಡನೇ ಓಟದ ಜೊತೆ ಹೋಲಿಸಬೇಡಿ.